ಬಾಗಿಲಿಲ್ಲದ ಮನೆಗೆ ಚಿಲಕ

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ರಾಯಚೂರಿನ ತಮ್ಮ ಗ್ಯಾರೇಜಿನ ಬೇವಿನ ಮರದ ಕೆಳಗೆ ಜಿಲಾನಿ ಪಾಷಾ ಒಂದು ಡೀಸೆಲ್ ಕಾರಿನ ಮೇಲೆ ಬಾಗಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ ಮೇಲಿತ್ತು, ಹಿಡಿ ಅವರ ಬಲಗಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡಿತ್ತು. ಕಣ್ಣು ಮುಚ್ಚಿದ್ದರು. ಕಾರಿನ ಮಾಲೀಕ, ಮಲ್ಲಟದ ಅಮೋಘಸಿದ್ದ, ಕೆಮ್ಮು ಬಂದರೂ ತಡೆದುಕೊಂಡು ಪಕ್ಕದಲ್ಲಿ ನಿಂತಿದ್ದ. ಜಿಲಾನಿ ಕಿವಿಗೊಟ್ಟಾಗ ಸದ್ದು ಮಾಡಬಾರದು ಎಂಬುದನ್ನು ಈ ಸೀಮೆಯಲ್ಲಿ ಗಾಡಿ ಇಟ್ಟವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜಿಲಾನಿ ಪಾಷಾ ಅವರಿಗೆ ಆಗ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತಾರು ಎಂಜಿನ್ನುಗಳ ಜೊತೆ ಕಳೆದಿದ್ದವು. ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಹಳೆಯ ಗಾಡಿ ಕೈ ಬದಲಾಗುವ ಮುನ್ನ ಕೊಳ್ಳುವವನೂ ಮಾರುವವನೂ ಒಟ್ಟಿಗೇ ಅವರಲ್ಲಿಗೆ ಬರುತ್ತಿದ್ದರು. ಅವರು ಮೂರು ಸಲ ಕೇಳುತ್ತಿದ್ದರು. ಎಂಜಿನ್ ತಣ್ಣಗಿದ್ದಾಗ ಒಮ್ಮೆ, ಕಾದ ಮೇಲೆ ಒಮ್ಮೆ, ಐದು ಜನರನ್ನು ತುಂಬಿಕೊಂಡು ರೈಲ್ವೆ ಮೇಲ್ಸೇತುವೆ ಏರಿಸುವಾಗ ಒಮ್ಮೆ. ಆಮೇಲೆ ಕೈ ಒರೆಸಿಕೊಂಡು ನೂರಕ್ಕೆ ಇಷ್ಟು ಎಂದು ಒಂದು ಅಂಕಿ ಹೇಳುತ್ತಿದ್ದರು. ಐವತ್ತೈದು, ಅರವತ್ತೆಂಟು, ಎಪ್ಪತ್ತನಾಲ್ಕು. ಅದಕ್ಕೆ ಜನ ‘ಜಿಲಾನಿ ನಂಬರ್’ ಎನ್ನುತ್ತಿದ್ದರು. ನಂಬರ್ ಬಂದ ಮೇಲೆ ಜಗಳವಿಲ್ಲ, ಚೌಕಾಸಿಯೂ ಇಲ್ಲ. ಅವರು ಒಂದು ಎಂಜಿನ್ನಿಗೆ ಕೊಟ್ಟ ಅತಿ ದೊಡ್ಡ ಅಂಕಿ ತೊಂಬತ್ತೆರಡು, ಅದೂ ಶೋರೂಮಿನಿಂದ ಬಂದು ಮೂರು ದಿನವಾಗಿದ್ದ ಕಾರಿಗೆ. ‘ಹೊಸಾ ಗಾಡಿಗಿ ಎಂಟು ಯಾಕ ಕಡಿಮಿ ಮಾಡಿದ್ರಿ ಚಾಚಾ?’ ಎಂದು ಅದರ ಮಾಲೀಕ ಮುನಿಸಿಕೊಂಡಾಗ, ‘ಓಡಸಾಂವ ನೀನ ಅಲ್ಲೇನು, ಅದಕ್ಕ’ ಎಂದಿದ್ದರು.

ಆದರೆ ಮೂರು ತಿಂಗಳಿಂದ ಏನೋ ಸರಿಯಿರಲಿಲ್ಲ. ಬರುವವರು ಕಡಿಮೆಯಾಗಿದ್ದರು. ಹಿಂದಿನ ವಾರ ದೇವದುರ್ಗದಿಂದ ಇಬ್ಬರು ಬಂದಿದ್ದರು. ಜಿಲಾನಿ ಅರವತ್ತೊಂದು ಎಂದಾಗ ಕೊಳ್ಳಲು ಬಂದವನು ನಕ್ಕು, ‘ಒಂದು ವಾಲ್ವ್ ಹಾಕಿಸಿದ್ರ ಎಪ್ಪತ್ತಾಗತದೇನ್ರಿ? ನಿಮಗ ಅದರಾಗ ಎಷ್ಟು ಬರ್ತದ?’ ಎಂದು ಕೇಳಿದ್ದ. ಜಿಲಾನಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ಏನೋ ಚೇಷ್ಟೆ ಎಂದುಕೊಂಡು ಬಿಟ್ಟಿದ್ದರು.

ಈಗ ಅವರು ಕಣ್ಣು ತೆರೆದರು. ಎಂಜಿನ್ನಿನ ಬಡಿತದ ಕೆಳಗೆ ಸಣ್ಣದಾಗಿ, ಕುದಿಯುವ ಮೊದಲಿನ ನೀರಿನಂತೆ, ಒಂದು ‘ಸ್’ ಸದ್ದಿತ್ತು. ಸ್ಕ್ರೂಡ್ರೈವರನ್ನು ಕೆಳಗಿಟ್ಟು ಗಾಳಿ ಪೈಪಿನ ಉದ್ದಕ್ಕೂ ಬೆರಳಾಡಿಸಿದರು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಬಂದ ಪೈಪನ್ನು ನಡುವೆ ಕತ್ತರಿಸಿ, ಕೆಂಪು ಬಣ್ಣದ, ಬಳೆಯಂತೆ ಹೊಳೆಯುವ ಒಂದು ಡಬ್ಬಿಯನ್ನು ಕೂಡಿಸಲಾಗಿತ್ತು. ಅದರಿಂದ ಒಂದು ತಂತಿ ಆಕ್ಸಿಲರೇಟರಿನ ಕಡೆಗೆ ಹೋಗಿತ್ತು.

‘ಇದೇನಪಾ?’

‘ಬ್ಲೋ-ಆಫ್ ವಾಲ್ವ್ ರಿ ಚಾಚಾ. ಕಾಲು ತೆಗದ್ರ ಛುಸ್ ಅಂತದ. ಊರಾಗ ಎಲ್ಲಾರು ತಿರುಗಿ ನೋಡ್ತಾರ. ನಮ್ಮ ಆಯಿ ಯಮನಮ್ಮ ಮಾತ್ರ ಇನ್ನೂ ಹತ್ತವಲ್ಲಳು, ಗಾಡ್ಯಾಗ ಹಾವು ಅದ ಅಂತಾಳ.’

‘ಗಾಡಿಗಿ ಏನಾಗ್ಯದ ಅಂತ ತಂದಿ?’

‘ಶಕ್ತಿ ಇಲ್ರಿ. ಸಾಲಿ ಮಾಸ್ತರು, ಬಾಯಾರು ಕೂಡಿ ಐದು ಮಂದಿನ್ನ ಮಾನ್ವಿಯಿಂದ ಕವಿತಾಳಕ್ಕ ದಿನಾ ಒಯ್ತೀನಿ. ಏರು ಬಂತಂದ್ರ ಎರಡನೇ ಗೇರಿಗಿ ಬರ್ತದ. ಹಿಂದ ಕರಿ ಹೊಗಿ. ಹೆಡ್ ಬಾಯಾರು ಮೊನ್ನಿ ಅಂದ್ರು, ಸಿದ್ದಾ, ನಾವು ಇಳದು ನಡಕೊಂಡು ಹೋಗ್ತೀವಿ, ನೀನು ಹಿಂದ ಬಾ ಅಂತ.’

ಜಿಲಾನಿ ಡಬ್ಬಿಯ ಬಾಯಿಗೆ ಬೆರಳು ಇಟ್ಟು ನೋಡಿದರು. ಸಣ್ಣ ಮಣ್ಣು ಕೂತು ಅದರ ಮುಚ್ಚಳ ಪೂರ್ತಿ ಮುಚ್ಚುತ್ತಿರಲಿಲ್ಲ. ಟರ್ಬೊ ಒತ್ತಿ ಕಳಿಸಿದ ಗಾಳಿ ದಾರಿಯಲ್ಲೇ ಸೋರುತ್ತಿತ್ತು. ಕಡಿಮೆಯಾದ ಗಾಳಿಯನ್ನು ತುಂಬಿಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗಿ ಸವೆಯುತ್ತಿತ್ತು. ಎಂಜಿನ್ ನಿಧಾನಕ್ಕೆ ಓಡುವಾಗ ಅದೇ ಸಂದಿಯಿಂದ ಫಿಲ್ಟರ್ ಕಾಣದ ಧೂಳು ಒಳಕ್ಕೆ ಹೋಗುತ್ತಿತ್ತು.

‘ಡೀಸೆಲ್ ಗಾಡಿಗಿ ಇದನ್ನ ಹಾಕು ಅಂತ ಯಾವ ಕತ್ತಿ ಹೇಳಿತು ನಿನಗ?’

ಅಮೋಘಸಿದ್ದ ತಬ್ಬಿಬ್ಬಾಗಿ ನೋಡಿದ. ಆಮೇಲೆ ಮೆಲ್ಲಗೆ, ‘ನೀವ ಹೇಳಿದ್ರಲ್ರಿ’ ಎಂದ.

ಜಿಲಾನಿ ಬಟನ್ ಫೋನಿನವರು. ಅಮೋಘಸಿದ್ದ ತನ್ನ ಫೋನು ತೆಗೆದು ಬೇವಿನ ನೆರಳಲ್ಲಿ ಹಿಡಿದ. ಪರದೆಯಲ್ಲಿ ಇದೇ ಮರ, ಇದೇ ಸ್ಟೂಲು, ಸ್ಟೂಲಿನ ಮೇಲೆ ಅವರೇ. ‘ಟರ್ಬೊ ಗಾಡಿಗಿ ಈ ವಾಲ್ವ್ ಬೇಕೇ ಬೇಕು. ಇಲ್ಲಂದ್ರ ಟರ್ಬೊದ ಪಂಖ ಹೋತು ಅಂತ ತಿಳ್ಕೊ. ಹೊರಗಿಂದ ತಂದು ಹಾಕಿಸಬೇಕು.’ ಅಷ್ಟೇ. ಕೆಳಗೆ ಮಾನ್ವಿಯ ಒಂದು ಅಂಗಡಿಯ ಹೆಸರು, ಕಾರು ಅಲಂಕಾರದ ಸಾಮಾನಿನ ಅಂಗಡಿ. ಮಾಲೀಕ ಪ್ರಭುರಾಜ.

‘ಇನ್ನೊಮ್ಮಿ ಹಚ್ಚು.’

ನಾಲ್ಕು ಸಲ ನೋಡಿದರು. ಒಟ್ಟು ಹತ್ತೊಂಬತ್ತು ಸೆಕೆಂಡಿನ ವಿಡಿಯೊ. ಹನ್ನೊಂದನೆಯ ಸೆಕೆಂಡಿನಲ್ಲಿ ಅವರ ಬಲಗೈ ಎದೆಯ ಎತ್ತರದಲ್ಲಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ತೊಡೆಯ ಮೇಲಿತ್ತು. ನಡುವೆ ಕೈ ಇಳಿದದ್ದು ಇರಲಿಲ್ಲ. ಅಪಘಾತವಾದ ಗಾಡಿಯನ್ನು ಎಷ್ಟೇ ಚೆನ್ನಾಗಿ ಬೆಸೆದು ಬಣ್ಣ ಬಳಿದರೂ ಬೆಸುಗೆ ಎಲ್ಲಿದೆ ಎಂದು ತೋರಿಸುತ್ತಿದ್ದವರು ಅವರು. ಬೆಸುಗೆ ಅವರಿಗೆ ಕಂಡಿತು.

ಪ್ರಭುರಾಜ ಹಿರೇಕೊಟ್ನೆಕಲ್‌ನವನು. ಇಪ್ಪತ್ನಾಲ್ಕನೆಯ ವಯಸ್ಸಿಗೆ ಐಟಿಐ ಮುಗಿಸಿ ಜಿಲಾನಿಯ ಗ್ಯಾರೇಜಿಗೆ ಬಂದವನು ಹನ್ನೊಂದು ವರ್ಷ ಅಲ್ಲೇ ಇದ್ದ. ಟರ್ಬೊ ಬಿಚ್ಚಿ ಮತ್ತೆ ಕೂಡಿಸುವುದರಲ್ಲಿ ಅವನ ಕೈ ಜಿಲಾನಿಯ ಕೈಗೆ ಸಮ ಎಂದು ಜಿಲಾನಿಯೇ ಹೇಳುತ್ತಿದ್ದರು. ಅವನ ತಾಯಿ ಮಾರೆಮ್ಮ ಕಳಿಸಿದ ರೊಟ್ಟಿ, ಪುಂಡಿಪಲ್ಯದಲ್ಲಿ ಅರ್ಧ ಜಿಲಾನಿಯ ಪಾಲು. ರಂಜಾನಿನಲ್ಲಿ ಜಿಲಾನಿ ಉಪವಾಸವಿದ್ದರೆ ಪ್ರಭುರಾಜ ಅವರೆದುರು ನೀರು ಕುಡಿಯುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಮಾನ್ವಿಯಲ್ಲಿ ಸ್ವಂತ ಅಂಗಡಿ ಇಟ್ಟಾಗ ಬಾಗಿಲು ತೆರೆಸಿದ್ದು ಉಸ್ತಾದರ ಕೈಯಿಂದಲೇ.

ಮೂರು ತಿಂಗಳ ಹಿಂದೆ, ಒಂದು ಶುಕ್ರವಾರ, ನಮಾಜು ಮುಗಿಸಿ ಜಿಲಾನಿ ಬಂದಾಗ ಅವನು ಮಿರ್ಚಿಯ ಪೊಟ್ಟಣ ಹಿಡಿದು ಕಾಯುತ್ತಿದ್ದ. ‘ಉಸ್ತಾದ್, ಮಂದಿ ದಿನಾ ಬಂದು ಕೇಳ್ತಾರ, ಟರ್ಬೊ ಗಾಡಿಗಿ ಬ್ಲೋ-ಆಫ್ ವಾಲ್ವ್ ಬೇಕೋ ಬ್ಯಾಡೋ ಅಂತ. ನಾ ಹೇಳಿದ್ರ ನಂಬಂಗಿಲ್ಲ. ನೀವ ಒಂದು ಸಲ ಹೇಳಿಬಿಡ್ರಿ, ಫೋನಿನಾಗ ಹಿಡಕೋತೀನಿ.’ ಜಿಲಾನಿಗೆ ಖುಷಿಯಾಯಿತು. ಆರು ನಿಮಿಷ ಮಾತಾಡಿದರು. ಅವತ್ತು ಹೇಳಿದ್ದರಲ್ಲಿ ಒಂದು ಶಬ್ದವನ್ನೂ ಅವರು ಮರೆತಿರಲಿಲ್ಲ.

‘ಪೆಟ್ರೋಲ್ ಟರ್ಬೊ ಗಾಡಿಗಿ ಈ ವಾಲ್ವ್ ಬೇಕೇ ಬೇಕು’ ಎಂದು ಆರಂಭಿಸಿದ್ದರು. ‘ಅದರಾಗ ಗಾಳಿ ಹೋಗೋ ದಾರ್ಯಾಗ ಒಂದು ಬಾಗಿಲು ಅದ. ಕಾಲು ತೆಗದಿ ಅಂದ್ರ ಮುಚ್ಚತದ. ಟರ್ಬೊದ ಪಂಖ ಮಾತ್ರ ನಿಮಿಷಕ್ಕ ಲಕ್ಷ ಸುತ್ತು ತಿರುಗಾಕತ್ತಿರ್ತದ, ಗಾಳಿ ತಳ್ಳಕೋತ ಇರ್ತದ. ನಿಮ್ಮ ಮಾನ್ವಿ ಕಾಲುವಿ ನೋಡು, ಗೇಟ್ ದಬಕ್ಕನ ಇಳಿಸಿದ್ರ ನೀರು ಎಲ್ಲಿಗಿ ಹೋಗಬೇಕು? ಹಿಂದಕ್ಕ ಹೊಡಿತದ. ಹೆಚ್ಚಿನ ನೀರಿಗಿ ಒಂದು ದಾರಿ ಬೇಕಲ್ಲ, ಹಂಗ ಇದು. ಇಲ್ಲಂದ್ರ ಟರ್ಬೊದ ಪಂಖ ಹೋತು ಅಂತ ತಿಳ್ಕೊ. ಆದ್ರ ಆ ದಾರಿ ಕಂಪನಿಯವರು ಒಳಗ ಇಟ್ಟೇ ಕೊಟ್ಟಿರ್ತಾರ. ಅದು ಗಾಳಿನ ಹೊರಗ ಉಗುಳಂಗಿಲ್ಲ, ತಿರುಗಿ ಒಳದಾರಿಗೇ ಬಿಡ್ತದ. ಯಾಕಂದ್ರ ಭಾಳ ಗಾಡ್ಯಾಗ ಒಳಗ ಬಂದ ಗಾಳಿ ಅಳದು ಅದಕ್ಕ ತಕ್ಕಷ್ಟು ಪೆಟ್ರೋಲ್ ಬಿಡ್ತಾವ. ಅಳದ ಗಾಳಿ ಹೊರಗ ಹಾಕಿದ್ರ ಲೆಕ್ಕ ತಪ್ಪತದ. ಹೊರಗಿಂದ ತಂದು ಹಾಕಿಸಬೇಕು ಅಂತಾರ ಕೆಲವರು, ಅದು ಸುಳ್ಳು. ಡೀಸೆಲ್ ಗಾಡಿ ಮಾತಂತೂ ಬ್ಯಾಡ, ಅದರಾಗ ಆ ಬಾಗಿಲ ಇಲ್ಲ. ಹೊಸಾ ಡೀಸೆಲ್‌ನಾಗ ಒಂದು ಬಾಗಿಲಂಥಾ ತಟ್ಟಿ ಇರ್ತದ ಖರೆ, ಅದರ ಕೆಲಸ ಬ್ಯಾರೆ, ಕಾಲು ತೆಗದಾಗೊಮ್ಮಿ ದಾರಿ ಮುಚ್ಚೋದಲ್ಲ. ಬಾಗಿಲ ಇಲ್ಲದ ಮನಿಗಿ ಚಿಲಕ ಯಾಕ ಬೇಕಪಾ?’

ಕೊನೆಯ ಮಾತಿಗೆ ಪ್ರಭುರಾಜ ಹೊಟ್ಟೆ ಹಿಡಿದು ನಕ್ಕಿದ್ದ. ಆ ನಗು ಈಗ ಜಿಲಾನಿಗೆ ನೆನಪಾಯಿತು. ದೇವದುರ್ಗದವನ ನಗುವೂ ನೆನಪಾಯಿತು, ಮತ್ತು ಈಗ ಅದರ ತಲೆಬುಡ ಎರಡೂ ತಿಳಿದವು.

ಊಟಕ್ಕೆ ಮನೆಗೆ ಹೋದಾಗ ಹೆಂಡತಿ ಶಹಜಾದಿ ಬೇಗಂ ಅವರನ್ನು ಕೇಳಿದರು, ಇಂಥದ್ದೊಂದು ವಿಡಿಯೊ ನೋಡಿದ್ದೀಯಾ ಎಂದು. ಶಹಜಾದಿಯ ಮುಖ ಅರಳಿತು.

‘ಮೈ ದೇಖೀ ನಾ ಜೀ. ಅಚ್ಛಾಚ್ ಬೋಲೇ ತುಮೇ.’ ತಂಗಿ ಹಸೀನಾ ಬೇಗಂ ಮನೆಯಲ್ಲಿ ನೋಡಿದ್ದರಂತೆ, ಚೆನ್ನಾಗಿಯೇ ಮಾತಾಡಿದ್ದೀರಿ ಎಂದರು. ಎರಡು ಲಕ್ಷ ಜನ ನೋಡಿದ್ದಾರೆ ಎಂದು ತಂಗಿ ಹೇಳಿದಳಂತೆ. ಜಿಲಾನಿ ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು. ಹೆಂಡತಿಯ ಖುಷಿಯನ್ನು ಕೆಡಿಸುವ ಮನಸ್ಸಾಗಲಿಲ್ಲ. ‘ಹೌ’ ಎಂದಷ್ಟೇ ಹೇಳಿ ಕೈ ತೊಳೆದರು.

ಮಧ್ಯಾಹ್ನ ಎರಡು ಐವತ್ತಕ್ಕೆ ಅಮೋಘಸಿದ್ದನ ಕಾರು, ಕರಿ ಹೊಗೆ ಬಿಡುತ್ತ, ಮಾನ್ವಿಯಲ್ಲಿ ಪ್ರಭುರಾಜನ ಅಂಗಡಿಯ ಮುಂದೆ ನಿಂತಿತು. ಗಾಜಿನ ಕಪಾಟಿನಲ್ಲಿ ಕೆಂಪು, ನೀಲಿ ಡಬ್ಬಿಗಳು ಸಾಲಾಗಿದ್ದವು. ಗೋಡೆಯ ಮೇಲೆ ಆಳೆತ್ತರದ ಒಂದು ಬ್ಯಾನರ್, ಅದರಲ್ಲಿ ಜಿಲಾನಿಯ ಮುಖ. ಒಳಗಡೆ ಪ್ರಭುರಾಜನ ಹೆಂಡತಿ ಲಲಿತಾ ಸೀಟಿನ ಕವರುಗಳಿಗೆ ಹೊಲಿಗೆ ಹಾಕುತ್ತಿದ್ದಳು.

‘ಬರ್ರಿ ಉಸ್ತಾದ್, ಬರ್ರಿ! ಫೋನರ ಮಾಡಬಾರದೇನ್ರಿ? ಲಲಿತಾ, ಚಾ ತರಸು.’

‘ಚಾ ಬ್ಯಾಡ. ಆರು ನಿಮಿಷದ್ದು ಎಲ್ಲದ?’

ಪ್ರಭುರಾಜ ಒಮ್ಮೆ ಅಮೋಘಸಿದ್ದನನ್ನು, ಒಮ್ಮೆ ಹೊರಗಿನ ಕಾರನ್ನು ನೋಡಿದ. ‘ಅಳಿಸಿ ಹೋಗ್ಯದ್ರಿ. ಫೋನಿನಾಗ ಜಾಗ ಇರಲಿಲ್ಲ.’

‘ಪೆಟ್ರೋಲ್ ಅಂದಿದ್ದೆ ನಾನು. ಎಲ್ಲಿ ಹೋತು ಆ ಮಾತು?’

‘ಉಸ್ತಾದ್, ಕೇಳ್ರಿ ಇಲ್ಲಿ. ಅದರಾಗ ಇರೋದು ಎಲ್ಲಾ ನಿಮ್ಮ ಮಾತ. ನಿಮ್ಮ ಬಾಯಿಂದ ಬಂದದ್ದ. ಒಂದು ಅಕ್ಷರ ನಾ ಸೇರಿಸಿಲ್ಲ.’

‘ಸೇರಿಸಿಲ್ಲ. ತೆಗದೀ.’

‘ಆರು ನಿಮಿಷ ಯಾರು ನೋಡ್ತಾರ್ರಿ? ಮಂದಿಗಿ ಸದ್ದು ಬೇಕು. ಹಾರ್ನ್ ಕೇಳ್ತಾರ, ಲೈಟ್ ಕೇಳ್ತಾರ, ಛುಸ್ ಕೇಳ್ತಾರ. ನಾ ಮಾರದಿದ್ರ ಸಿಂಧನೂರಾಗ ಮಾರ್ತಾರ. ಮತ್ತ ನಿಮಗೇನು ಲುಕ್ಸಾನ ಆಗ್ಯದ ಹೇಳ್ರಿ. ಮೊದಲ ನಿಮ್ಮನ್ನ ಮೂರು ತಾಲ್ಲೂಕಿನ ಮಂದಿ ಅಷ್ಟ ಬಲ್ಲವರಿದ್ರು. ಈಗ ಎರಡು ಲಕ್ಷ ಮಂದಿ ಬಲ್ಲರು.’

ಜಿಲಾನಿ ಬ್ಯಾನರಿನ ಮುಖವನ್ನು ನೋಡಿದರು. ‘ಆ ಎರಡು ಲಕ್ಷ ಮಂದಿಗಿ ಗೊತ್ತಿರಾಂವ ಯಾರು ಪ್ರಭು? ನನಗ ಅವನ ಗುರ್ತು ಇಲ್ಲ.’

‘ದೊಡ್ಡ ಮಾತು ಆಡಬ್ಯಾಡ್ರಿ. ಹಾಳಾದದ್ದು ಒಂದು ಗಾಡಿ. ಬಿಚ್ಚಿ ಕೊಡ್ತೀನಿ.’

‘ನೀನು ಮುಟ್ಟಬ್ಯಾಡ’ ಎಂದರು ಜಿಲಾನಿ. ದನಿ ಏರಿರಲಿಲ್ಲ. ಪ್ರಭುರಾಜ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹನ್ನೊಂದು ವರ್ಷ ಕೈಕೆಳಗೆ ದುಡಿದಾಗಲೂ ಈ ಮಾತು ಅವನಿಗೆ ಬಂದಿರಲಿಲ್ಲ.

ಜಿಲಾನಿ ರಸ್ತೆಯಲ್ಲೇ ಕಾರಿನ ಬಾನೆಟ್ ಎತ್ತಿದರು. ರಾಯಚೂರಿನಿಂದ ತಂದಿದ್ದ ಇಡಿಯಾದ ಪೈಪು ಡಿಕ್ಕಿಯಿಂದ ಹೊರಬಂತು. ಎರಡು ಕ್ಲಿಪ್ಪು ಸಡಿಲಿಸಿ ಡಬ್ಬಿ ತೆಗೆದರು, ತಂತಿ ಕತ್ತರಿಸಿ ತುದಿಗೆ ಟೇಪು ಸುತ್ತಿದರು, ಪೈಪು ಕೂಡಿಸಿದರು. ಹದಿನಾಲ್ಕು ನಿಮಿಷ ಹಿಡಿಯಿತು. ಅಷ್ಟರಲ್ಲಿ ಎಂಟು ಹತ್ತು ಜನ ಸೇರಿದ್ದರು. ಒಬ್ಬ ಬ್ಯಾನರನ್ನೂ ಇವರನ್ನೂ ಹೋಲಿಸಿ ನೋಡಿ, ‘ವಿಡಿಯೊದಾಗ ಹಾಕಸ್ರಿ ಅಂತಾನ, ಇಲ್ಲಿ ತಗಿಯಾಕತ್ಯಾನ. ಮುದುಕಗ ಎರಡೂ ಕಡಿ ಗಿರಾಕಿ!’ ಎಂದ. ನಗು ಎದ್ದಿತು. ಜಿಲಾನಿಗೆ ಕೇಳಿಸಿತು. ಉತ್ತರ ಕೊಡಲು ಆರು ನಿಮಿಷ ಬೇಕಿತ್ತು, ಅಷ್ಟು ಹೊತ್ತು ನಿಲ್ಲುವ ಜನ ಅವರಲ್ಲ ಎಂದು ಅವರಿಗೆ ಕಂಡಿತು.

ಮಣ್ಣು ಮೆತ್ತಿದ ಡಬ್ಬಿಯನ್ನು ಒಳಗೆ ತಂದು ಗಾಜಿನ ಕಪಾಟಿನ ಮೇಲೆ ಇಟ್ಟರು. ‘ಬ್ಯಾನರ್ ಇಳಿಸು’ ಎಂದರು.

‘ಮುಂದಿನ ವಾರ ನೋಡೋಣ್ರಿ’ ಎಂದ ಪ್ರಭುರಾಜ, ಫೋನು ನೋಡುತ್ತ.

ಹೊಲಿಗೆ ಯಂತ್ರ ನಿಂತಿತು. ಲಲಿತಾ ಎದ್ದು ಬಂದಳು. ‘ಚಾಚಾ, ಪೂರ್ತಿ ಇದ್ದದ್ದು ನಾನೂ ನೋಡಿದ್ದೆ. ಬಾಗಿಲು, ಚಿಲಕ ಅಂದಿದ್ರಿ. ನಾ ಭಾಳ ನಕ್ಕಿದ್ದೆ. ಕತ್ತರಿಸಬ್ಯಾಡ್ರಿ ಅಂತ ಇವರಿಗಿ ಅಂದೆ.’

‘ನೀ ಒಳಗ ನಡಿಬೇ’ ಎಂದ ಪ್ರಭುರಾಜ.

ಅವಳು ನಡೆಯಲಿಲ್ಲ. ‘ನಮ್ಮಪ್ಪ ದೇವದುರ್ಗದಿಂದ ನಿಮ್ಮ ಹತ್ರ ಬಂದಿದ್ದ, ಒಂಬತ್ತು ವರ್ಷದ ಮಾತು. ನೆನಪದನ್ರಿ? ಗಾಡಿ ತಂದಿರಲಿಲ್ಲ.’

ಜಿಲಾನಿಗೆ ನೆನಪಿತ್ತು. ತಲೆ ತಗ್ಗಿಸಿ, ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆಂದು ಅಮೋಘಸಿದ್ದ ಎಷ್ಟು ಹೇಳಿದರೂ ಕೇಳದೆ ನಡೆದೇ ಹೋದರು. ಐದೂ ಹತ್ತರ ಬಸ್ಸು ಹತ್ತಿ, ರಾಯಚೂರು ತಲುಪುವವರೆಗೆ ಕಿಟಕಿಯ ಪಕ್ಕ ಕೂತು, ಬಸ್ಸಿನ ಎಂಜಿನ್ ಕೇಳಿಸದವರಂತೆ ಇದ್ದರು.

ಆ ವಾರ ಬೇವಿನ ಮರದ ಕೆಳಗೆ ಇಬ್ಬರು ಬಂದರು. ಜಿಲಾನಿ ಎಂದಿನಂತೆ ಮೂರು ಸಲ ಕೇಳಿದರು. ಯಾವ ಬೇರಿಂಗು ಸವೆದಿದೆ, ಯಾವ ಇಂಜೆಕ್ಟರು ತಡವರಿಸುತ್ತಿದೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅಂಕಿ ಹೇಳಲಿಲ್ಲ. ‘ಜಿಲಾನಿ ನಂಬರ್ ಬೇಕಲ್ರಿ’ ಎಂದವರಿಗೆ, ‘ಅದು ನಿಂತದ’ ಎಂದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು.

ಎಂಟನೆಯ ದಿನ ಅಮೋಘಸಿದ್ದ ಕಾರು ತಂದ. ಐದು ಜನ ಕೂತರೂ ಏರಿನಲ್ಲಿ ಮೂರನೆಯ ಗೇರಿನಲ್ಲೇ ಹೋಗುತ್ತಿದೆ, ಹೊಗೆ ಇಲ್ಲ ಎಂದ. ಹಾವು ಹೋಯಿತೆಂದು ಯಮನಮ್ಮ ತಾನೇ ಬಾಗಿಲು ತೆಗೆದು ಹತ್ತಿದಳಂತೆ. ಜಿಲಾನಿ ನಕ್ಕರು. ಸ್ಕ್ರೂಡ್ರೈವರು ಕಿವಿಗಿಟ್ಟರು. ತಣ್ಣಗೆ ಕೇಳಿದರು, ಕಾಯಿಸಿ ಕೇಳಿದರು, ಚಾ ಅಂಗಡಿಯಲ್ಲಿ ಕೂತಿದ್ದ ಮೂವರನ್ನು ಕರೆದು ಕೂರಿಸಿಕೊಂಡು ಮೇಲ್ಸೇತುವೆ ಏರಿಸಿ ಕೇಳಿದರು. ಧೂಳು ಹೋಗಿ ಒಂದು ಸಿಲಿಂಡರಿನಲ್ಲಿ ಸ್ವಲ್ಪ ಗೀರಿತ್ತು, ಟರ್ಬೊ ಉಳಿದಿತ್ತು.

‘ಎಷ್ಟು ಚಾಚಾ?’

‘ಎಣ್ಣಿ ಬೇಗ ಬೇಗ ಬದಲಿ ಮಾಡು. ನಂಬರ್ ಕೇಳಬ್ಯಾಡ.’

‘ನನಗರ ಹೇಳ್ರಿ. ಮೂವತ್ತಾರು ವರ್ಷದಾಗ ಒಮ್ಮಿನೂ ತಪ್ಪಿಲ್ಲ ಅಂತಾರ.’

ಜಿಲಾನಿ ಚಿಂದಿಯಿಂದ ಒಂದೊಂದೇ ಬೆರಳು ಒರೆಸಿಕೊಂಡರು. ‘ಒಮ್ಮಿ ತಪ್ಪೀನಿ.’

‘ಯಾವ ಗಾಡಿ?’

‘ಗಾಡಿ ಅಲ್ಲ. ದೇವದುರ್ಗದ ಮಾಳಿಂಗಪ್ಪ ಬಂದಿದ್ದ, ಮಗಳು ಲಲಿತಾಗ ವರ ನೋಡಾಕ. ಪ್ರಭು ಆ ದಿನ ಊರಿಗಿ ಹೋಗಿದ್ದ. ಪಾಷಾಸಾಬ್, ಎಂಜಿನ್ನಿಗಿ ಹೇಳಿದಂಗ ಈ ಹುಡುಗಗ ಒಂದು ನಂಬರ್ ಹೇಳ್ರಿ, ನಿಮ್ಮ ಮಾತಿನ ಮ್ಯಾಲ ಕೊಡ್ತೀನಿ ಅಂದ.’

‘ಮೂರು ಸಲ ಕೇಳಿದ್ರ್ಯಾ?’

‘ಒಂದು ಸಲನೂ ಕೇಳಲಿಲ್ಲ. ಈ ಸ್ಟೂಲಿನ ಮ್ಯಾಲ ಕೂತಿದ್ದೆ. ಕೈಯಾಗಿನ ಚಾ ಕೆಳಗ ಇಡಲಿಲ್ಲ, ಹೇಳಿಬಿಟ್ಟೆ.’

ಮರದಿಂದ ಬೇವಿನ ಹಣ್ಣೊಂದು ಬಾನೆಟ್ಟಿನ ಮೇಲೆ ಬಿತ್ತು.

‘ಎಷ್ಟು ಹೇಳಿದ್ರಿ?’

‘ತೊಂಬತ್ತೆಂಟು.’